ಗಂಡಸರು ಬಾಯಿಬಿಟ್ಟು ಹೇಳದ ಜ್ವರ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಆರೋಗ್ಯ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ದಿನ ನಾವು ಮಾತಾಡಬೇಕೆಂದು ಆರಿಸಿಕೊಂಡಿರುವ ವಿಷಯ ಸ್ವಲ್ಪ ಮುಜುಗರದ್ದು. ಗಂಡಸರ ಮೂತ್ರದ ದಾರಿಯಲ್ಲಿರುವ ಒಂದು ಗ್ರಂಥಿಗೆ ಇದ್ದಕ್ಕಿದ್ದಂತೆ ಸೋಂಕು ತಗುಲಿ ಬರುವ ಜ್ವರದ ವಿಷಯ. ತಾಯಂದಿರು ದಯವಿಟ್ಟು ಎದ್ದು ಹೋಗಬಾರದು. ಗಂಡಸಿಗೆ ನಡುಕ ಬಂದರೆ ಮೊದಲು ಕಂಬಳಿ ಹೊದಿಸುವವರು ನೀವೇ, ಅವನು ರಾತ್ರಿ ಹತ್ತು ಸಲ ಎದ್ದು ಹಿತ್ತಲಿಗೆ ಹೋದದ್ದು ಗೊತ್ತಾಗುವುದೂ ನಿಮಗೇ.

ನಾವು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ತನಕ ಓದಿ ನೇಗಿಲು ಹಿಡಿದವರು. ಆದರೆ ನಮ್ಮ ಸಂಘದ ಸದಸ್ಯರೊಬ್ಬರು ಈ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ ಅವರ ಜೊತೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದಿದ್ದೇವೆ. ಅಲ್ಲಿನ ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಬರೆದು, ಅವರಿಗೇ ತೋರಿಸಿ ತಿದ್ದಿಸಿಕೊಂಡು ಬಂದಿದ್ದೇವೆ. ಆ ಸದಸ್ಯರ ಒಪ್ಪಿಗೆಯನ್ನೂ ಪಡೆದಿದ್ದೇವೆ, ಹೆಸರು ಮಾತ್ರ ಹೇಳುವುದಿಲ್ಲ. ಯಾರಿರಬಹುದು ಅಂತ ಅಕ್ಕಪಕ್ಕ ನೋಡಬೇಡಿ.

ಮೊದಲು ಆ ಗ್ರಂಥಿ ಯಾವುದು ಅನ್ನುವುದನ್ನು ನೋಡೋಣ. ಇದಕ್ಕೆ ಪ್ರಾಸ್ಟೇಟ್ ಗ್ರಂಥಿ ಎನ್ನುತ್ತಾರೆ. ಗಂಡಸರಿಗೆ ಮಾತ್ರ ಇರುತ್ತದೆ. ಮೂತ್ರಕೋಶದ ಬಾಯಿಯ ಕೆಳಗೆ, ಗುದದ್ವಾರದ ಮುಂಭಾಗಕ್ಕೆ, ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪದ್ದು. ವೀರ್ಯದ ನೀರಿನ ಒಂದು ಭಾಗ ಇಲ್ಲಿ ತಯಾರಾಗುತ್ತದೆ. ಮೂತ್ರ ಹೊರಗೆ ಬರುವ ನಾಳ ಈ ಗ್ರಂಥಿಯ ನಡುವೆಯೇ ತೂರಿಕೊಂಡು ಬರುತ್ತದೆ. ನೆಲ್ಲಿಕಾಯಿಗೆ ದಾರ ಪೋಣಿಸಿದ ಹಾಗೆ ಅಂದುಕೊಳ್ಳಿ. ಇದೊಂದು ನೆನಪಿದ್ದರೆ ಮುಂದಿನದು ತಾನಾಗಿ ಅರ್ಥವಾಗ್ತದೆ. ಗ್ರಂಥಿ ಊದಿಕೊಂಡರೆ ನಡುವಿನ ನಾಳ ಒತ್ತಿಕೊಳ್ಳುತ್ತದೆ, ಮೂತ್ರ ಕಟ್ಟುತ್ತದೆ.

ಇದರ ಬಾವುಗಳಲ್ಲೂ ಹಲವು ಬಗೆ ಇವೆಯಂತೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 1995ರಲ್ಲಿ ತಜ್ಞರನ್ನು ಕೂರಿಸಿ ನಾಲ್ಕು ಬಗೆ ಮಾಡಿದರು. ಇದ್ದಕ್ಕಿದ್ದಂತೆ ಬರುವ ರೋಗಾಣು ಸೋಂಕು ಒಂದನೆಯದು. ತಿಂಗಳುಗಟ್ಟಲೆ ಹೋಗಿ ಬಂದು ಮಾಡುವ ಸೋಂಕು ಎರಡನೆಯದು. ರೋಗಾಣು ಕಾಣದಿದ್ದರೂ ಕಿಬ್ಬೊಟ್ಟೆ, ತೊಡೆಸಂದಿನಲ್ಲಿ ನೋವು ಉಳಿಯುವುದು ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಜನರಿಗೆ ಇರುವುದು ಇದೇ. ತೊಂದರೆಯೇ ಕೊಡದೆ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುವುದು ನಾಲ್ಕನೆಯದು. ನಾವು ಹೇಳಹೊರಟಿರುವುದು ಒಂದನೆಯದರ ಬಗ್ಗೆ. ನಾಲ್ಕರಲ್ಲಿ ಇದು ಅಪರೂಪದ್ದು, ಆದರೆ ಜೀವಕ್ಕೆ ಕುತ್ತು ತರುವಂಥದ್ದೂ ಇದೇ.

ಈಗ ನಮ್ಮ ಸದಸ್ಯರ ವಿಷಯಕ್ಕೆ ಬರೋಣ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ರಾಗಿ ಒಕ್ಕಣೆ ಕಾಲ. ಒಂದು ಸಂಜೆ ಕಣದಿಂದ ಬಂದವರೇ ನಡುಗಲು ಶುರು ಮಾಡಿದರು. ಹಲ್ಲು ಕಟಕಟ ಅನ್ನುವಷ್ಟು ನಡುಕ. ಮೈಕೈ ನೋವು, ಸೊಂಟದ ಕೆಳಗೆ ಯಾರೋ ಗೂಟ ಹೊಡೆದಂಥ ನೋವು. ಜೊತೆಗೆ ಮೂತ್ರಕ್ಕೆ ಹೋದರೆ ಉರಿ, ಗಳಿಗೆಗೊಂದು ಸಲ ಅವಸರ, ಹೋಗಿ ನಿಂತರೆ ತೊಟ್ಟು ತೊಟ್ಟು. ಮಾರನೇ ದಿನ ಕೂತುಕೊಳ್ಳಲೂ ಆಗದಂತೆ ಗುದದ ಮುಂದೆ ನೋವು, ಮಲವಿಸರ್ಜನೆಗೆ ಹೋದರೂ ನೋವು.

ಮನೆಯವರಿಗೆ ಹೇಳಿದ್ದು ಜ್ವರ ಅಂತ ಮಾತ್ರ. ಉರಿಗೆ ಅವರೇ ಹೆಸರಿಟ್ಟುಕೊಂಡರು, 'ಉಷ್ಣ' ಅಂತ. ದಿನವಿಡೀ ಟ್ರ್ಯಾಕ್ಟರಿನ ಬಿಸಿ ಸೀಟಿನ ಮೇಲೆ ಕೂತದ್ದೇ ಕಾರಣ ಅಂದುಕೊಂಡು ಎಳನೀರು ಕುಡಿದರು, ಬಾರ್ಲಿ ಗಂಜಿ ಕುಡಿದರು, ಹೊಕ್ಕುಳಿಗೆ, ಅಂಗಾಲಿಗೆ ಹರಳೆಣ್ಣೆ ಹಚ್ಚಿಸಿಕೊಂಡರು. ನಾವು ಎಳನೀರನ್ನು ಹಳಿಯುತ್ತಿಲ್ಲ. ಬಿಸಿಲಿನಲ್ಲಿ ದುಡಿದು ನೀರು ಕುಡಿಯದೆ ಬಂದ ಉರಿಗೆ ಅದು ಸರಿಯಾದೀತು. ಆದರೆ ಉಷ್ಣಕ್ಕೆ ಹಲ್ಲು ಕಡಿಯುವ ನಡುಕ ಬರುವುದಿಲ್ಲ. ಉರಿಯ ಜೊತೆ ಚಳಿಜ್ವರ ಸೇರಿತು ಅಂದರೆ ಅದು ಎಳನೀರಿನ ಕೈ ಮೀರಿದ್ದು.

ಎರಡನೇ ದಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಕುರ್ಚಿಗಳ ತುಂಬ ಜನ, ಅದರಲ್ಲಿ ಅರ್ಧ ನಮ್ಮೂರಿನ ಹೆಂಗಸರು. ಡಾಕ್ಟರು ಏನಪ್ಪಾ ಅಂದರೆ ಇವರು ಚಳಿಜ್ವರ ಅಂದರು, ಅಷ್ಟೇ. ಉರಿ ಹೇಳಲಿಲ್ಲ, ತೊಟ್ಟು ತೊಟ್ಟು ಹೋಗುವುದನ್ನು ಹೇಳಲಿಲ್ಲ. ಚಳಿಜ್ವರ ಅಂದರೆ ಆ ಡಾಕ್ಟರು ತಾನೆ ಏನು ಮಾಡಿಯಾರು? ಮಲೇರಿಯಾ, ಡೆಂಗ್ಯೂ, ಇಲಿಜ್ವರ ಅಂತ ರಕ್ತ ಪರೀಕ್ಷೆಗೆ ಬರೆದರು. ಯಾವುದೂ ಇಲ್ಲ ಅಂತ ಬಂತು. ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಇದರಲ್ಲಿ ಡಾಕ್ಟರ ತಪ್ಪು ನಮಗೆ ಕಾಣುವುದಿಲ್ಲ. ಹೇಳದ ಕಾಯಿಲೆಯನ್ನು ಹುಡುಕುವುದು ಹೇಗೆ? ಒಂದು ಸಣ್ಣ ಡಬ್ಬಿಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ್ದರೆ ಆ ದಿನವೇ ಗೊತ್ತಾಗುತ್ತಿತ್ತು. ಆ ಡಬ್ಬಿ ಕೇಳುವಂತೆ ಮಾಡುವ ಒಂದು ಮಾತನ್ನು ನಾಚಿಕೆ ನುಂಗಿತು.

ಮೂರನೇ ದಿನ ರಾತ್ರಿ ಮೂತ್ರ ಪೂರ್ತಿ ಕಟ್ಟಿಹೋಯಿತು. ಕಿಬ್ಬೊಟ್ಟೆ ಗಡಿಗೆಯಂತೆ ಉಬ್ಬಿತು. ನೀರು ಕುಡಿದರೆ ತಳ್ಳಿಕೊಂಡು ಬಂದೀತೆಂದು ಚೊಂಬು ಚೊಂಬು ನೀರು ಕುಡಿದರು. ಕೆಳಗೆ ತೂಬು ಮುಚ್ಚಿರುವಾಗ ಕೆರೆಗೆ ನೀರು ಬಿಟ್ಟರೆ ಏನಾಗ್ತದೆ? ಅದೇ ಆಯಿತು. ಆಮೇಲೆ ಬಾಯಿ ಬಿಟ್ಟರು. 108ಕ್ಕೆ ಫೋನು ಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ರಾತ್ರಿ ಪಾಳಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಎರಡು ಪ್ರಶ್ನೆ ಕೇಳಿ, ಕೈಗವಸು ಹಾಕಿ ಗುದದ್ವಾರದಿಂದ ಒಂದು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿದರು. ಅರ್ಧ ನಿಮಿಷವೂ ಆಗಲಿಲ್ಲ. ಗ್ರಂಥಿ ಊದಿ ಬಿಸಿಯಾಗಿದೆ, ಮುಟ್ಟಿದರೆ ನೋಯುತ್ತಿದೆ ಎಂದರು. ಈ ಪರೀಕ್ಷೆಗೆ ಗಂಡಸರು ಬಹಳ ಹೆದರುತ್ತಾರೆ. ಹಸುವಿಗೆ ಗರ್ಭ ನಿಂತಿದೆಯೋ ಇಲ್ಲವೋ ನೋಡಲು ಡಾಕ್ಟರು ಮೊಣಕೈ ತನಕ ಕೈ ಹಾಕಿದರೆ ಅದು ಸುಮ್ಮನೆ ನಿಂತಿರುತ್ತದೆ, ನಮಗೆ ಒಂದು ಬೆರಳಿಗೆ ಇಷ್ಟು ಸಂಕೋಚ ಏಕೆ ಅಂತ ಆ ಡಾಕ್ಟರು ನಗುತ್ತಾ ಕೇಳಿದರು. ಇಲ್ಲಿ ಒಂದು ಎಚ್ಚರ ಇದೆ. ಮೆಲ್ಲಗೆ ಮುಟ್ಟಿ ನೋಡಬೇಕೇ ಹೊರತು ಈ ಹಂತದಲ್ಲಿ ಆ ಗ್ರಂಥಿಯನ್ನು ಒತ್ತುವುದು, ತಿಕ್ಕುವುದು ಮಾಡಲೇಬಾರದು. ಒತ್ತಿದರೆ ರೋಗಾಣು ರಕ್ತಕ್ಕೆ ನುಗ್ಗುತ್ತದೆ. ಕೆಚ್ಚಲು ಬಾವು ಬಂದರೆ ಹಿಂಡಿ ತೆಗೆದು ಅಭ್ಯಾಸವಿರುವ ನಮಗೆ ಇದು ಉಲ್ಟಾ ಅನ್ನಿಸಬಹುದು. ಸೊಂಟ ಉಜ್ಜುವವರ, ನರ ಎಳೆಯುವವರ ಹತ್ತಿರ ಹೋಗುವವರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇವೆ.

ಮೂತ್ರದ ದಾರಿಯಲ್ಲಿ ಸಣ್ಣ ನಳಿಗೆ ಹಾಕಿದರು. ಒಂದು ಲೀಟರಿನ ಹತ್ತಿರ ಬಂತು. ಹಾಲು ಅಳೆಯುವ ನಮ್ಮ ಕಣ್ಣಿಗೆ ಅಳತೆ ತಪ್ಪುವುದಿಲ್ಲ. ಕೆಲವರಿಗೆ ಗ್ರಂಥಿ ಬಹಳ ಊದಿ ಆ ದಾರಿಯಲ್ಲಿ ನಳಿಗೆ ಹೋಗುವುದೇ ಇಲ್ಲ. ಅಂಥವರಿಗೆ ಕಿಬ್ಬೊಟ್ಟೆಯ ಮೇಲಿನಿಂದಲೇ ನೇರವಾಗಿ ಮೂತ್ರಕೋಶಕ್ಕೆ ನಳಿಗೆ ಇಡುತ್ತಾರೆ. ಕೇಳಲು ಭಯ, ಆದರೆ ಅದರಿಂದ ಊದಿದ ಗ್ರಂಥಿಗೆ ಪೆಟ್ಟಾಗುವುದಿಲ್ಲ.

ಈ ರೋಗಾಣು ಬರುವುದು ಎಲ್ಲಿಂದ? ಹೆಚ್ಚಿನ ಪಾಲು ನಮ್ಮ ಕರುಳಿನಲ್ಲೇ ಇರುವ ಇ. ಕೊಲೈ ಎಂಬ ರೋಗಾಣು. ಕರುಳಿನಲ್ಲಿದ್ದಷ್ಟು ದಿನ ತೊಂದರೆ ಕೊಡದೆ ಇರುತ್ತದೆ, ಮೂತ್ರದ ದಾರಿಗೆ ಬಂದು ಗ್ರಂಥಿ ಸೇರಿದರೆ ಕೇಡು. ವಯಸ್ಸಾಗಿ ಗ್ರಂಥಿ ಬೆಳೆದು ಮೂತ್ರ ಪೂರ್ತಿ ಖಾಲಿಯಾಗದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಮೂತ್ರನಾಳ ಕಿರಿದಾದವರಿಗೆ, ನಳಿಗೆ ಹಾಕಿಸಿಕೊಂಡವರಿಗೆ, ಆ ಗ್ರಂಥಿಯಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿಕೊಂಡವರಿಗೆ ಬರುವ ಸಂಭವ ಜಾಸ್ತಿ. ಹರೆಯದವರಲ್ಲಿ ಕೆಲವೊಮ್ಮೆ ಲೈಂಗಿಕ ಸಂಪರ್ಕದಿಂದ ಬರುವ ರೋಗಾಣುಗಳೂ ಕಾರಣ. ಆಗ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಆಗಬೇಕು. ಮಿಕ್ಕಂತೆ ಕರುಳಿನ ರೋಗಾಣುವಿನಿಂದ ಬಂದದ್ದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದ್ದರಿಂದ ಈ ಕಾಯಿಲೆ ಬಂತು ಅಂದ ಮಾತ್ರಕ್ಕೆ ಯಾರ ನಡತೆಯನ್ನೂ ಅನುಮಾನಿಸಬಾರದು. ಊರಲ್ಲಿ ಇಂಥ ಮಾತು ಬೇಗ ಹುಟ್ಟುತ್ತದೆ, ಅದಕ್ಕಾಗಿ ಬಿಡಿಸಿ ಹೇಳಿದೆವು.

ಚಿಕಿತ್ಸೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಜನ ಎಡವುವುದು ಇಲ್ಲೇ. ಡಾಕ್ಟರು ಔಷಧಿ ಶುರು ಮಾಡುವ ಮೊದಲು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ತೆಗೆದುಕೊಂಡರು, ಜ್ವರ ಜೋರಿದ್ದುದರಿಂದ ರಕ್ತವನ್ನೂ ತೆಗೆದುಕೊಂಡರು. ಕಲ್ಚರ್ ಅಂದರೆ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವುದು. ಫಲಿತಾಂಶ ಬರಲು ಎರಡು ಮೂರು ದಿನ ಬೇಕು, ಅಲ್ಲಿಯ ತನಕ ಅಂದಾಜಿನ ಮೇಲೆ ಔಷಧಿ ನಡೆಯುತ್ತದೆ. ಕಾಯಿಲೆ ಹಗುರವಾಗಿದ್ದು, ಮೂತ್ರ ಹೋಗುತ್ತಿದ್ದು, ವಾಂತಿ ಇಲ್ಲದಿದ್ದರೆ ಮನೆಯಲ್ಲೇ ಮಾತ್ರೆಯಲ್ಲಿ ಆಗುತ್ತದೆ. ಜೋರಾಗಿದ್ದರೆ ಆಸ್ಪತ್ರೆಯಲ್ಲಿಟ್ಟು ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ನು ನರಕ್ಕೆ ಕೊಟ್ಟು, ಜ್ವರ ಇಳಿದ ಮೇಲೆ ಮಾತ್ರೆಗೆ ಬದಲಿಸುತ್ತಾರೆ. ಒಟ್ಟು ಎರಡರಿಂದ ನಾಲ್ಕು ವಾರ.

ಈ ಮಾತ್ರೆಗಳಲ್ಲಿ ಹಿಂದಿನಿಂದ ಬಂದದ್ದು ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬುವು. ಇವು ಗ್ರಂಥಿಯ ಒಳಗೆ ಚೆನ್ನಾಗಿ ಇಳಿಯುತ್ತವೆ. ಎಲ್ಲ ಔಷಧಿಯೂ ಅಲ್ಲಿಗೆ ಇಳಿಯುವುದಿಲ್ಲ ಎಂಬುದು ನಮಗೂ ಹೊಸ ಸಂಗತಿ. ಹೆಂಗಸರಿಗೆ ಉರಿಮೂತ್ರವಾದಾಗ ಬರೆದುಕೊಡುವ ನೈಟ್ರೊಫ್ಯುರಾಂಟಾಯಿನ್ ಎಂಬ ಮಾತ್ರೆ ಮೂತ್ರದಲ್ಲಿ ಕೆಲಸ ಮಾಡುತ್ತದೆ, ಈ ಗ್ರಂಥಿಯೊಳಗೆ ಸಾಕಷ್ಟು ಸೇರುವುದೇ ಇಲ್ಲ. ಆದ್ದರಿಂದ ಮನೆಯಲ್ಲಿ ಉಳಿದ ಹೆಂಡತಿಯ ಮಾತ್ರೆಯನ್ನು ಗಂಡ ನುಂಗಿದರೆ ದಿನ ಹಾಳು, ರೋಗ ಅಲ್ಲೇ.

ಇನ್ನು ಸಿಪ್ರೊಫ್ಲಾಕ್ಸಾಸಿನ್ನೂ ಎಲ್ಲರಿಗೂ ಕೆಲಸ ಮಾಡುತ್ತದೆಂಬ ಭರವಸೆ ಈಗ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2013ರಿಂದ ದೇಶದ ಆಸ್ಪತ್ರೆಗಳಲ್ಲಿ ರೋಗಾಣುಗಳ ಲೆಕ್ಕ ಇಡುತ್ತಿದ್ದಾರೆ. ಇ. ಕೊಲೈ ಈ ಮಾತ್ರೆಗೆ ಬಹಳ ಮಟ್ಟಿಗೆ ಬಗ್ಗದಂತಾಗಿದೆ ಎಂದು ಆ ವರದಿಗಳು ಹೇಳುತ್ತವೆ. ನಮ್ಮ ಸದಸ್ಯರ ಕಲ್ಚರಿನಲ್ಲೂ ಹಾಗೇ ಬಂತು, ಡಾಕ್ಟರು ಬೇರೆ ಔಷಧಿಗೆ ಬದಲಿಸಿದರು. ಕಲ್ಚರಿಗೆ ಮೊದಲೇ ಮೆಡಿಕಲ್ ಸ್ಟೋರಿನಿಂದ ಎರಡು ಮಾತ್ರೆ ತಂದು ನುಂಗಿಬಿಟ್ಟರೆ ರೋಗಾಣು ಅರ್ಧ ಸತ್ತು ಪರೀಕ್ಷೆಯಲ್ಲಿ ಬೆಳೆಯುವುದಿಲ್ಲ, ಡಾಕ್ಟರು ಕತ್ತಲೆಯಲ್ಲಿ ಕಲ್ಲು ಹೊಡೆದಂತಾಗುತ್ತದೆ.

ಹಾಲಿನ ಸಂಘದ ವೇದಿಕೆಯಲ್ಲಿ ಹೇಳಬಾರದ ಒಂದು ಮಾತನ್ನು ಈಗ ಹೇಳಬೇಕಾಗಿದೆ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ಹಾಲು ಮೊಸರಿನ ಜೊತೆ ನುಂಗಬಾರದು. ಹಾಲಿನ ಸುಣ್ಣದ ಅಂಶ ಔಷಧಿಯನ್ನು ಹಿಡಿದುಕೊಂಡು ಮೈಗೆ ಸೇರಗೊಡುವುದಿಲ್ಲ. ಕಬ್ಬಿಣಾಂಶದ ಮಾತ್ರೆ, ಗ್ಯಾಸಿಗೆ ಕುಡಿಯುವ ಔಷಧಿಯೂ ಹಾಗೇ. ಎಷ್ಟು ಗಂಟೆ ಅಂತರ ಅನ್ನುವುದನ್ನು ಡಾಕ್ಟರನ್ನು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರಿಗೆ ಈ ಜಾತಿಯ ಔಷಧಿಯಿಂದ ಸಕ್ಕರೆ ಹಠಾತ್ತನೆ ಇಳಿಯುವುದುಂಟು, ಹಿಮ್ಮಡಿಯ ಮೇಲಿನ ನರ ನೋಯುವುದುಂಟು. ಹಾಗಾದರೆ ತಡಮಾಡದೆ ತಿಳಿಸಬೇಕು. ಮೂತ್ರ ಸಲೀಸಾಗಲು ಟ್ಯಾಮ್ಸುಲೋಸಿನ್ ಎಂಬ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ. ಅದನ್ನು ತೆಗೆದುಕೊಂಡವರು ಬೆಳಗಿನ ಜಾವ ಹಾಲು ಕರೆಯಲು ದಡಕ್ಕನೆ ಏಳಬಾರದು, ತಲೆ ಸುತ್ತುತ್ತದೆ. ಒಂದು ಗಳಿಗೆ ಹಾಸಿಗೆಯಲ್ಲಿ ಕೂತು ಏಳಿ.

ಔಷಧಿ ಸರಿಯಾಗಿ ಬಿದ್ದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಗ್ರಂಥಿಯೊಳಗೆ ಕೀವು ಗಡ್ಡೆ ಕಟ್ಟಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಸ್ಕ್ಯಾನ್ ಮಾಡಿ ನೋಡಿ ಕೀವು ತೆಗೆಯಬೇಕಾಗುತ್ತದೆ. ಅದಕ್ಕೆ ಮೂತ್ರರೋಗ ತಜ್ಞರು ಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದಕ್ಕಾಗಿಯೇ ಇದೆ. ಇನ್ನು ರೋಗಾಣು ರಕ್ತಕ್ಕೆ ಸೇರಿದರೆ ಉಸಿರು ಜೋರಾಗುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ. ಆ ಹೊತ್ತಿನಲ್ಲಿ ಬೆಳಗಾಗಲಿ ಅಂತ ಕಾಯುವಂತಿಲ್ಲ.

ನಮ್ಮ ಸದಸ್ಯರಿಗೆ ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಆರು ದಿನ ಇಂಜೆಕ್ಷನ್ನು ಆಯಿತು, ನಳಿಗೆ ತೆಗೆದರು, ಮಾತ್ರೆ ಬರೆದು ಮನೆಗೆ ಕಳಿಸಿದರು. ಹತ್ತನೇ ದಿನ ಅವರು ಗಟ್ಟಿಮುಟ್ಟಾಗಿ ಕಣಕ್ಕೆ ಹೊರಟು, ಇನ್ನು ಮಾತ್ರೆ ಯಾಕೆ ಅಂದರಂತೆ. ಅವರ ಮನೆಯವರು ಒಂದು ಮಾತು ಹೇಳಿದರು: "ಸೀಮೆಹಸುವಿಗೆ ಕೆಚ್ಚಲು ಬಾವು ಬಂದಾಗ ಮೂರು ದಿನದ ಇಂಜೆಕ್ಷನ್ನನ್ನು ಒಂದೇ ದಿನಕ್ಕೆ ನಿಲ್ಲಿಸಿದಿರಿ. ಆ ಮೊಲೆ ಗಟ್ಟಿಯಾಗಿ ಬತ್ತಿಹೋಗಲಿಲ್ವಾ?" ಅದಾದ ಮೇಲೆ ಅವರು ಎದುರಾಡಲಿಲ್ಲ. ಆ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹಾಕಿ ನಾಲ್ಕು ವಾರ ಮುಗಿಸಿಸಿದರು. ಕೊನೆಗೆ ಮತ್ತೆ ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಇರಲಿಲ್ಲ. ಈಗ ಎರಡು ಹೊತ್ತೂ ಅವರೇ ಹಾಲು ತರುತ್ತಾರೆ.

ಬಹುಪಾಲು ಜನಕ್ಕೆ ಹೀಗೇ ಪೂರ್ತಿ ವಾಸಿಯಾಗುತ್ತದೆ. ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ತೊಂದರೆ ಹಳೆಯದಾಗಿ ಉಳಿಯುತ್ತದೆ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರು ತಾವಾಗಿ ಆ ಸಾಲಿಗೆ ಹೋಗಿ ನಿಂತ ಹಾಗೆ. ವಾಸಿಯಾದ ಮೇಲೂ ಮೂತ್ರ ಕಟ್ಟಲು ಕಲ್ಲು, ಗ್ರಂಥಿ ಬೆಳೆದಿರುವುದು, ನಾಳ ಕಿರಿದಾಗಿರುವುದು ಏನಾದರೂ ಕಾರಣ ಉಂಟೇ ಎಂದು ಒಮ್ಮೆ ನೋಡಿಸಿಕೊಳ್ಳಬೇಕು.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ, ಇದು ಕ್ಯಾನ್ಸರೇ ಅಂತ. ಅಲ್ಲ. ಆದರೆ ಒಂದು ಗೊಂದಲ ಆಗುವುದುಂಟು. ಈ ಗ್ರಂಥಿಯ ಕ್ಯಾನ್ಸರ್ ಅನುಮಾನಕ್ಕೆ ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ಸೋಂಕಿನ ಕಾಲದಲ್ಲಿ ಅದು ಸುಮ್ಮಸುಮ್ಮನೆ ಏರುತ್ತದೆ, ವಾಸಿಯಾದ ಮೇಲೂ ಇಳಿಯಲು ತಿಂಗಳುಗಳು ಹಿಡಿಯಬಹುದು. ಜ್ವರದಲ್ಲಿ ಆ ಪರೀಕ್ಷೆ ಮಾಡಿಸಿ, ಅಂಕಿ ನೋಡಿ ಮನೆಮಂದಿಯೆಲ್ಲ ಅಳುವುದು ಬೇಡ. ಚೀಟಿಯ ಇನ್ನೊಂದು ಪ್ರಶ್ನೆ, ಗಂಡಸುತನ ಹೋಗುತ್ತದೆಯೇ ಅಂತ. ಸರಿಯಾಗಿ ವಾಸಿಯಾದವರಿಗೆ ಸಾಮಾನ್ಯವಾಗಿ ಅಂಥದ್ದೇನೂ ಆಗುವುದಿಲ್ಲ. ಕಾಯಿಲೆ ಇರುವಷ್ಟು ದಿನ ನೋವಿರುತ್ತದೆ, ಅಷ್ಟೇ.

ಖರ್ಚಿನ ಬಗ್ಗೆ ಎರಡು ಮಾತು. ನಮ್ಮ ಸಹಕಾರಿಗಳ ಯಶಸ್ವಿನಿ ಯೋಜನೆ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಅದು ಮೊದಲಿನಿಂದ ಶಸ್ತ್ರಚಿಕಿತ್ಸೆಗೆ ಒತ್ತು ಕೊಟ್ಟ ಯೋಜನೆ. ಇಂಜೆಕ್ಷನ್ನು ಮಾತ್ರೆಯ ಈ ಚಿಕಿತ್ಸೆಗೆ ಅದು ಸಿಕ್ಕೇ ಸಿಗುತ್ತದೆಂದು ನಂಬಿಕೊಂಡು ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸಂಘದ ಕಾರ್ಯದರ್ಶಿಯವರನ್ನು ಒಂದು ಮಾತು ಕೇಳಿ. ಆದರೆ ಕಾರ್ಡು ಹುಡುಕುತ್ತಾ ಹೊತ್ತು ಕಳೆಯಬೇಡಿ. ನಮ್ಮ ಸದಸ್ಯರಿಗೆ ಇಂಜೆಕ್ಷನ್ನು, ನಳಿಗೆ ಎಲ್ಲ ಆದದ್ದು ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲೇ.

ಡಾಕ್ಟರ ಮುಂದೆ ಹೇಳಲು ಬಾಯಿ ಬರದವರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ: ಚಳಿಜ್ವರ ಯಾವತ್ತಿನಿಂದ, ಮೂತ್ರಕ್ಕೆ ಉರಿ ಇದೆಯೇ, ಧಾರೆ ಸಣ್ಣದಾಗಿದೆಯೇ, ಕೊನೆಯ ಸಲ ಹೋದದ್ದು ಎಷ್ಟು ಹೊತ್ತಿಗೆ, ಸಕ್ಕರೆ ಕಾಯಿಲೆ ಉಂಟೇ, ಯಾವ ಮಾತ್ರೆ ನುಂಗಿದ್ದೀರಿ. ಆಸ್ಪತ್ರೆಯ ಡಾಕ್ಟರು ನಮ್ಮ ಕರೆಗೆ ಓಗೊಟ್ಟು ಈ ದಿನ ಬಂದಿದ್ದಾರೆ. ಊಟವಾದ ಮೇಲೆ ಹಾಲು ಪರೀಕ್ಷೆ ಮಾಡುವ ಕೊಠಡಿಯಲ್ಲಿ ಕೂತಿರುತ್ತಾರೆ. ಬಾಗಿಲು ಹಾಕಿಕೊಂಡು ಒಬ್ಬೊಬ್ಬರಾಗಿ ಮಾತಾಡಬಹುದು, ಹೊರಗೆ ಹೆಸರು ಬರೆದುಕೊಳ್ಳುವವರು ಯಾರೂ ಇರುವುದಿಲ್ಲ.